ಸಿರಿಂಜ್ ಊದಿದರೆ ಓಡುವ ಎದೆಬಡಿತ ನಿಲ್ಲುತ್ತಂತೆ, ನಿಜವಾ?

ನಿಜ, ಆದರೆ ಎಸ್‌ವಿಟಿ ಅನ್ನೋ ಒಂದು ಬಗೆಯ ಓಟಕ್ಕೆ ಮಾತ್ರ. ಇದರಲ್ಲಿ ಹೆಚ್ಚಾಗಿ ಹೃದಯದ ಕರೆಂಟು ಮೇಲಿನ, ಕೆಳಗಿನ ಕೋಣೆಗಳ ನಡುವಿನ ಗಂಟಿನಲ್ಲಿ ಹಾದು ಸುತ್ತು ಹೊಡೆಯುತ್ತಲೇ ಇರುತ್ತದೆ. ಆ ಗಂಟನ್ನು ಒಂದು ಕ್ಷಣ ತಡೆದರೆ ಸಾಕು, ಸುತ್ತು ಕಡಿಯುತ್ತದೆ.

ತಡೆಯೋದು ವೇಗಸ್ ನರ, ಅಂದರೆ ಮಿದುಳಿನಿಂದ ಹೃದಯಕ್ಕೆ ಬಂದು ಬಡಿತವನ್ನು ನಿಧಾನ ಮಾಡುವ ನರ. ಒರಗಿ ಕೂತು, 10 ಎಂಎಲ್ ಸಿರಿಂಜಿನ ತುದಿಗೆ ಬಾಯಿಟ್ಟು, ಒಳಗಿನ ದಂಡ ಅಲುಗಾಡುವಷ್ಟು ಜೋರಾಗಿ 15 ಸೆಕೆಂಡ್ ಊದಬೇಕು. ತಕ್ಷಣ ಅಂಗಾತ ಮಲಗಿಸಿ ಕಾಲೆತ್ತಿ ಹಿಡಿದರೆ ರಕ್ತ ಎದೆಗೆ ನುಗ್ಗಿ ಒತ್ತಡ ಏರುತ್ತದೆ, ನರ ಬ್ರೇಕ್ ಹಾಕುತ್ತದೆ. ಕಾಲೆತ್ತೋದೇ ಮುಖ್ಯ: 2015ರ ಬ್ರಿಟನ್ ಅಧ್ಯಯನದಲ್ಲಿ ಹೀಗೆ ಮಾಡಿದವರಲ್ಲಿ 43% ಜನರ ಬಡಿತ ಸರಿಹೋಯಿತು, ಊದಿ ಸುಮ್ನೆ ಒರಗಿದ್ದವರಲ್ಲಿ 17% ಮಾತ್ರ.

ಮೊದಲ ಸಲ ಹೀಗಾದರೆ ಆಸ್ಪತ್ರೆಗೇ ಹೋಗಿ. ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ದಯವಿಟ್ಟು ಊದುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.