ಸೋಂಪು ಬರೆದ್ರೆ ಸೋಪು ಬಂತು: ಕೈಬರಹದ ಬಗ್ಗೆ ನಿಮ್ಮ ಪ್ರಶ್ನೆ, ಮೇಷ್ಟ್ರ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಅಕ್ಷರದ ಗೋಳೇ. ಒಂದು ಕಾಗದ ಅಂತೂ ಓದಕ್ಕೇ ನನಗೆ ಎರಡು ದಿನ ಹಿಡೀತು, ಕೊನೆಗೆ ನೋಡಿದ್ರೆ ಅದ್ರಲ್ಲಿದ್ದ ಪ್ರಶ್ನೆನೂ ಅದೇ, ನನ್ನ ಅಕ್ಷರ ಯಾರಿಗೂ ಓದಕ್ಕಾಗಲ್ಲ ಏನ್ ಮಾಡ್ಲಿ ಅಂತ. ಐದು ಪ್ರಶ್ನೆ ಆರಿಸ್ಕೊಂಡಿದ್ದೀನಿ.

ಪ್ರಶ್ನೆ: ಮೇಷ್ಟ್ರೇ, ಹನ್ನೆರಡು ವರ್ಷದಿಂದ ಆಫೀಸಲ್ಲಿ ಬರೀ ಟೈಪ್ ಮಾಡೋದೇ ಆಯ್ತು. ಮೊನ್ನೆ ದಿನಸಿ ಚೀಟೀಲಿ ಸೋಂಪು ಅಂತ ಬರ್ದಿದ್ದೆ, ಅಂಗಡಿ ಹುಡುಗ ಸೋಪು ತಂದಿಟ್ಟು ಹೋದ. ಮನೇಲಿ ಇನ್ನೂ ನಗ್ತಿದಾರೆ. ಶಾಲೇಲಿ ನಂದು ದುಂಡಕ್ಷರ, ಈಗ ಕಾಗೆ ಕಾಲು ಗುಬ್ಬಿ ಕಾಲು. ಮತ್ತೆ ಕಾಪಿ ಬರೀಬೇಕಾ? ಚೀಟಿ ಫೋಟೋ ಕಳ್ಸಿದ್ದೀನಿ. (ಓದುಗರು, ಮೈಸೂರು)

ಉತ್ತರ: ಕಾಪಿ ಪುಸ್ತಕ ಬೇಡ. ಫೋಟೋ ದೊಡ್ಡದು ಮಾಡಿ ನೋಡ್ದೆ, ಆ ಹುಡುಗನ ತಪ್ಪೇನಿಲ್ಲ ಬಿಡಿ. ಸೊ ಬರ್ದು ದೀರ್ಘ ಎಳೆದಿದ್ದೀರಿ, ಆಮೇಲೆ ಪೆನ್ನು ಎತ್ತದೆ ಆ ದೀರ್ಘದ ಬಾಲದಲ್ಲೇ ಸೊನ್ನೆ ಸುತ್ತಿ ಹಾಗೇ ಪು ಕಡೆ ಓಡಿದ್ದೀರಿ. ಸೊನ್ನೆ ಇದೆ, ಆದ್ರೆ ಅದು ದೀರ್ಘದ ಹೊಟ್ಟೆಯೊಳಗೆ ಸೇರ್ಕೊಂಡಿದೆ, ಬರೆದೋರಿಗೆ ಬಿಟ್ಟು ಬೇರೆ ಯಾರಿಗೂ ಕಾಣಲ್ಲ. ಅದೇ ಚೀಟೀಲಿ ಉದ್ದಿನಬೇಳೆ ನೋಡಿ, ದ ಒತ್ತು ಕೆಳಗಿನ ಸಾಲಿಗೆ ಇಳಿದು ಸಾಸಿವೆಯ ಸಿ ಗುಡಿಸಿಗೆ ಡಿಕ್ಕಿ ಹೊಡ್ದಿದೆ. ಅವಲಕ್ಕಿಯ ವ ಕೊನೇಲಿ ಒಂದು ಕೊಂಡಿ ಜಾಸ್ತಿಯಾಗಿ ಮ ಆಗಿದೆ, ಅದನ್ನ ಆ ಹುಡುಗ ಅಂದಾಜಿನ ಮೇಲೆ ಸರಿಯಾಗಿ ತಂದಿರ್ಬೇಕು.

ನನ್ನ ಪ್ರಕಾರ ನಿಮ್ಮ ಅಕ್ಷರ ಕೆಟ್ಟಿಲ್ಲ, ಪೆನ್ನು ಎತ್ತೋ ಅಭ್ಯಾಸ ಹೋಗಿದೆ ಅಷ್ಟೇ. ಇಂಗ್ಲಿಷ್ ಕರ್ಸಿವ್ ಇದ್ಯಲ್ಲ, ಅದು ಪೆನ್ನು ಎತ್ತದೆ ಒಂದರ ಬಾಲಕ್ಕೆ ಇನ್ನೊಂದನ್ನ ಕಟ್ಟೋ ಬರವಣಿಗೆ. ನಮ್ದು ಹಾಗಲ್ಲ, ಮೈ ಬರ್ದು ಪೆನ್ನು ಎತ್ತಿ ತಲೆಕಟ್ಟು ಹಾಕ್ಬೇಕು, ಎತ್ತಿ ಕೆಳಗೆ ಒತ್ತು ಬರೀಬೇಕು, ಮತ್ತೆ ಎತ್ತಿ ಪಕ್ಕಕ್ಕೆ ಸೊನ್ನೆ ಇಡ್ಬೇಕು. ಅವಸರದಲ್ಲಿ ನಾವು ಈ ಎತ್ತೋದನ್ನೇ ಬಿಟ್ಬಿಡ್ತೀವಿ. ತಲೆಕಟ್ಟು ಮೈಗೆ ಅಂಟ್ಕೊಂಡು ಮೇಲಕ್ಕೆ ಸುತ್ತಿದ್ರೆ ಗ ಹೋಗಿ ಗಿ ಆಗುತ್ತೆ, ಕ ಹೋಗಿ ಕೆ ಥರ ಕಾಣುತ್ತೆ. ಥ ಒಳಗಿನ ಚುಕ್ಕಿ, ಧ ಕೆಳಗಿನ ಸೀಳು ಇವೆಲ್ಲ ಮಾಯ ಆಗೋದೂ ಹೀಗೇನೇ, ಆಮೇಲೆ ಎಲ್ಲಾನೂ ದ ಆಗಿ ಕೂತಿರುತ್ತೆ.

ಹಾಗಾಗಿ ಹತ್ತು ನಿಮಿಷ ಸಾಕು ದಿನಕ್ಕೆ, ಆದ್ರೆ ದಿನಾ. ಮಾಮೂಲಿ ಗೆರೆ ಹಾಕಿದ ನೋಟ್ ಬುಕ್ಕಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೇಲಿ ಬರೀರಿ, ಮಧ್ಯದ ಖಾಲಿ ಗೆರೆ ಒತ್ತಕ್ಷರದ ಜಾಗ, ಅಲ್ಲಿ ಬೇರೆ ಏನೂ ಬರೀಬೇಡಿ. ಅ ಆ ಇ ಈ ತಿದ್ದೋದೂ ಬೇಡ, ನಿಮಗೆ ಬೇಕಾಗಿರೋದನ್ನೇ ಬರೀರಿ, ನಾಳೆ ತರೋ ಸಾಮಾನು, ಹಾಲಿನ ಲೆಕ್ಕ, ಮಗಳ ಸ್ಕೂಲಿಗೊಂದು ರಜೆ ಚೀಟಿ. ಬೇಕೂಂತ ನಿಧಾನಕ್ಕೆ. ಮೊದಲ ವಾರ ಕೈಗೆ ಕಿರಿಕಿರಿ ಆಗುತ್ತೆ, ಯಾಕಂದ್ರೆ ತಲೆ ಟೈಪಿಂಗ್ ಸ್ಪೀಡಲ್ಲಿ ಮುಂದೆ ಓಡಿರುತ್ತೆ. ಒತ್ತು ಜಾಸ್ತಿ ಇರೋ ಪದ ಬೇಕಂದ್ರೆ ಸ್ವಾತಂತ್ರ್ಯ, ರಾಷ್ಟ್ರೀಯ, ಲಕ್ಷ್ಮಿ ಬರೀರಿ, ಎರಡೆರಡು ಒತ್ತನ್ನ ಒಂದರ ಮೇಲೊಂದು ಹತ್ತಿಸದೆ ಬರೆಯಕ್ಕಾದ್ರೆ ಮಿಕ್ಕಿದ್ದೆಲ್ಲ ಸುಲಭ. ಮತ್ತೆ ಎಲ್ಲಾ ಅಕ್ಷರ ಒಂದೇ ಸಲ ರಿಪೇರಿ ಮಾಡಕ್ಕೆ ಹೋಗ್ಬೇಡಿ, ನಿಮ್ಮ ಚೀಟೀಲಿ ಕೆಟ್ಟಿರೋದು ಸೊನ್ನೆ, ಒತ್ತು, ವ ಈ ಮೂರೇ. ಬರೆದಿದ್ದನ್ನ ಮಾರನೇ ದಿನ ಮನೇಲಿ ಯಾರ ಕೈಗಾದ್ರೂ ಕೊಟ್ಟು ಜೋರಾಗಿ ಓದ್ಸಿ. ಅವರು ತಡವರಿಸೋ ಜಾಗಕ್ಕೆ ಕೆಂಪಲ್ಲಿ ಗುರ್ತು ಹಾಕಿ, ಅದೇ ಮುಂದಿನ ವಾರದ ಪಾಠ.

ಪ್ರಶ್ನೆ: ಮಗ ಐದನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ಅಕ್ಷರ ಮುತ್ತು, ಕನ್ನಡ ಮಾತ್ರ ಬ್ರಹ್ಮಲಿಪಿ. ದಿನಾ ನಾಲ್ಕು ಪುಟ ಕಾಪಿ ಬರೆಸ್ತಿದ್ದೀನಿ, ಅಳ್ತಾನೆ. (ಗೃಹಿಣಿ, ಹಾಸನ)

ಉತ್ತರ: ಅಮ್ಮಾ, ನಾಲ್ಕು ಪುಟ ಅಂದ್ರೆ ನಾನೂ ಅಳ್ತೀನಿ. ಮೂವತ್ತು ವರ್ಷ ಮಕ್ಕಳ ಕಾಪಿ ತಿದ್ದಿದೋನು ನಾನು, ಮೊದಲ ಐದು ಸಾಲು ಚೆನ್ನಾಗಿರುತ್ತೆ, ಆಮೇಲಿಂದು ಬರೀ ಪುಟ ತುಂಬ್ಸೋ ಕೆಲಸ, ಅಂದ್ರೆ ಕೆಟ್ಟ ಅಕ್ಷರವನ್ನೇ ಅವನು ಮೂರೂವರೆ ಪುಟ ಪ್ರಾಕ್ಟೀಸ್ ಮಾಡ್ತಿದಾನೆ. ಅರ್ಧ ಪುಟಕ್ಕೆ ಇಳಿಸಿ. ಅವನ ತೊಂದ್ರೆನೂ ಮೇಲಿನ ಮೈಸೂರಿನೋರದ್ದೇ, ಕರ್ಸಿವ್ ಕೈ ಕನ್ನಡಕ್ಕೂ ಬಂದಿದೆ, ಅಕ್ಷರ ಎಲ್ಲಾ ಬಲಕ್ಕೆ ವಾಲಿರುತ್ತೆ ನೋಡಿ. ದುಂಡಕ್ಷರ ವಾಲಿದ್ರೆ ಮೊಟ್ಟೆ ಆಗುತ್ತೆ. ಸ್ಲೇಟು ಬಳಪ ಸಿಕ್ಕಿದ್ರೆ ಅದ್ರಲ್ಲಿ ದೊಡ್ಡದಾಗಿ ಬರೆಸಿ, ಆ ಜಾರೋ ಕರ್ಸಿವ್ ಓಟಕ್ಕೆ ಬಳಪ ಬಗ್ಗಲ್ಲ. ಕೂತಾಗ ಕಾಲು ನೆಲಕ್ಕೆ ತಾಗ್ಬೇಕು, ತಾಗದಿದ್ರೆ ಕೆಳಗೊಂದು ಮಣೆ ಇಡಿ.

ಹೀಗೆಲ್ಲ ಮಾಡಿನೂ ಕೆಲವು ತಿಂಗಳು ಏನೂ ಬದಲಾಗದಿದ್ರೆ, ಬರೀವಾಗ ಕೈ ನೋವು ಅಂದ್ರೆ, ಬೋರ್ಡ್ ನೋಡಿ ಬರೆಯೋದೂ ಕಷ್ಟ ಅಂದ್ರೆ ಸೋಮಾರಿತನ ಅನ್ನಬೇಡಿ. ಡಿಸ್‌ಗ್ರಾಫಿಯಾ ಅಂತ ಒಂದು ಕಲಿಕೆಯ ತೊಂದರೆ ಇದೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟೀಲೂ ಇದೆ. ಮಕ್ಕಳ ಡಾಕ್ಟರ್ ಹತ್ರ ಒಂದು ಸಲ ತೋರಿಸಿ.

ಪ್ರಶ್ನೆ: ಇನ್ನೂರು ರೂಪಾಯಿ ಪೆನ್ನು ತಗೊಂಡ್ರೆ ಅಕ್ಷರ ಚೆನ್ನಾಗಿ ಬರುತ್ತಾ? (ಕಾಲೇಜು ವಿದ್ಯಾರ್ಥಿ, ತುಮಕೂರು)

ಉತ್ತರ: ಜೇಬು ಹಗುರ ಆಗುತ್ತೆ. ಪೆನ್ನಿಗಿಂತ ಮೊದ್ಲು ನೀವು ಬರ್ದಿರೋ ಹಾಳೆ ತಿರುಗ್ಸಿ ಹಿಂದೆ ಬೆರಳಾಡ್ಸಿ, ಅಕ್ಷರ ಉಬ್ಬಿ ಕೈಗೆ ಸಿಕ್ತಿದ್ರೆ ಒತ್ತಿ ಬರೀತಿದ್ದೀರಿ ಅಂತ. ಬಾಲ್ ಪೆನ್ ಇಂಕು ಗಟ್ಟಿ, ಸ್ವಲ್ಪ ಒತ್ಲೇಬೇಕು, ಮೂರು ಗಂಟೆ ಪರೀಕ್ಷೇಲಿ ಕೊನೇ ಪುಟದ ಅಕ್ಷರ ಹಾಳಾಗೋದು ಅದಕ್ಕೇ. ಜೆಲ್ ಪೆನ್ ತಾನಾಗೇ ಹರಿಯುತ್ತೆ, 0.5 ಮಿ.ಮೀ. ತುದಿಯದ್ದು ತಗೊಳ್ಳಿ, 0.7ರಲ್ಲಿ ಸಣ್ಣ ಒತ್ತು ಎಲ್ಲಾ ಮುದ್ದೆ ಆಗುತ್ತೆ. ತೆಳು ಹಾಳೆ ಆದ್ರೆ ಜೆಲ್ ಇಂಕು ಹಿಂದಕ್ಕೆ ಇಳಿಯೋದೂ ಉಂಟು, ಪರೀಕ್ಷೆ ದಿನವೇ ಹೊಸ ಪೆನ್ನು ಟ್ರೈ ಮಾಡಬೇಡಿ.

ಪ್ರಶ್ನೆ: ನಾನು ಎಡಚ. ಬರೆದಿದ್ದೆಲ್ಲ ಕೈಗೆ ಮೆತ್ಕೊಳುತ್ತೆ. ಬಲಗೈ ಅಭ್ಯಾಸ ಮಾಡ್ಲಾ? (ಹುಬ್ಬಳ್ಳಿ)

ಉತ್ತರ: ಖಂಡಿತಾ ಬೇಡ. ಹಾಳೆಯ ಮೇಲ್ತುದಿ ಬಲಕ್ಕೆ ವಾಲೋ ಹಾಗೆ ಓರೆ ಇಟ್ಕೊಳ್ಳಿ, ಕೈನ ಸಾಲಿನ ಕೆಳಗಿಟ್ಟು ಬರೀರಿ, ಪೆನ್ನನ್ನ ತುದಿಯಿಂದ ಒಂದಿಂಚು ಮೇಲೆ ಹಿಡೀರಿ. ಬೇಗ ಒಣಗೋ ಇಂಕು ಆರಿಸ್ಕೊಳ್ಳಿ, ಇಂಕ್ ಪೆನ್ ಆಸೆ ಸದ್ಯಕ್ಕೆ ಬಿಡಿ.

ಪ್ರಶ್ನೆ: ನನಗೆ ಅರವತ್ತೆಂಟು. ಚೆಕ್ ಬರೀವಾಗ ಕೈ ನಡುಗಿ ಎರಡು ಚೆಕ್ ಹಾಳಾಯ್ತು. ಅಕ್ಷರನೂ ಸಾಲು ಮುಗಿಯೋ ಹೊತ್ತಿಗೆ ಚಿಕ್ಕದಾಗ್ತಾ ಹೋಗುತ್ತೆ. (ಶಿವಮೊಗ್ಗ)

ಉತ್ತರ: ಚೆಕ್ ವಿಷಯ ಮೊದ್ಲು. 2010ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಚೆಕ್ಕಲ್ಲಿ ಹೆಸ್ರು, ಮೊತ್ತ ತಿದ್ದೋ ಹಾಗಿಲ್ಲ, ತಿದ್ದಿ ಪಕ್ಕದಲ್ಲಿ ಸೈನ್ ಮಾಡಿದ್ರೂ ನಡೆಯಲ್ಲ, ಹೊಸ ಚೆಕ್ಕೇ ಬರೀಬೇಕು. ಹಾಗಾಗಿ ಮೊತ್ತ, ಹೆಸ್ರು ಎಲ್ಲಾ ಮೊದ್ಲು ಬೇರೆ ಹಾಳೇಲಿ ಒಂದು ಸಲ ಬರ್ದು ನೋಡ್ಕೊಂಡು, ಮೊಣಕೈ ಪೂರ್ತಿ ಟೇಬಲ್ ಮೇಲೆ ಊರಿ, ಆಮೇಲೆ ಚೆಕ್ ಮುಟ್ಟಿ. ಮನೇಲಿ ಬೇರೆ ಯಾರಾದ್ರೂ ಬರ್ದು ನೀವು ಬರೀ ಸೈನ್ ಮಾಡಿದ್ರೂ ಆಗುತ್ತೆ.

ಆದ್ರೆ ಎರಡನೇದಕ್ಕೆ ನನ್ನ ಹತ್ರ ಪಾಠ ಇಲ್ಲ ಸಾರ್. ಬರೀತಾ ಬರೀತಾ ಅಕ್ಷರ ಚಿಕ್ಕದಾಗೋದು, ಜೊತೆಗೆ ಕೈ ನಡುಕ, ಇದು ಪಾರ್ಕಿನ್ಸನ್ ಕಾಯಿಲೇಲಿ ಕಾಣಿಸ್ಕೊಳ್ಳೋ ಲಕ್ಷಣಗಳಲ್ಲಿ ಒಂದು. ಅದೇ ಅಂತ ನಾನು ಹೇಳ್ತಿಲ್ಲ, ನಡುಕಕ್ಕೆ ಥೈರಾಯ್ಡಿಂದ ಹಿಡಿದು ಮಾತ್ರೆಗಳವರೆಗೆ ಹತ್ತು ಕಾರಣ ಇರುತ್ತೆ. ನರರೋಗ ತಜ್ಞರ ಹತ್ರ ಹೋಗಿ, ಹೋಗುವಾಗ ಎರಡು ವರ್ಷ ಹಿಂದೆ ಬರ್ದಿರೋ ಯಾವ್ದಾದ್ರೂ ಕಾಗದ, ಹಳೇ ಡೈರಿ ಇದ್ರೆ ಈಗಿನ ಒಂದು ಪುಟದ ಜೊತೆ ತಗೊಂಡು ಹೋಗಿ. ಎರಡೂ ಪಕ್ಕಪಕ್ಕ ಇಟ್ಟು ತೋರಿಸಿದ್ರೆ ಡಾಕ್ಟರಿಗೂ ಗೊತ್ತಾಗುತ್ತೆ.