ತಲೆಯ ಮೇಲೆ ಲೈನ್ ಇದ್ದರೆ ಸಾಲದು, ಸಬ್‌ಸ್ಟೇಷನ್‌ನಲ್ಲಿ ಜಾಗ ಇರಬೇಕು

ಪ್ರಶ್ನೆ: ನಮ್ಮ 9 ಎಕರೆ ಜಮೀನಿನ ಮೇಲೆ ಹೈಟೆನ್ಷನ್ ಲೈನ್ ಹಾದುಹೋಗಿದೆ. ಸಬ್‌ಸ್ಟೇಷನ್ 2 ಕಿಲೋಮೀಟರ್ ದೂರದಲ್ಲಿದೆ. ದೊಡ್ಡ ಬ್ಯಾಟರಿ ಸ್ಟೋರೇಜ್ ಘಟಕಕ್ಕೆ ಜಾಗ ಕೊಡುತ್ತೀರಾ ಎಂದು ಒಂದು ಕಂಪನಿ ಕೇಳಿದೆ. ಲೈನೇ ನಮ್ಮ ಹೊಲದಲ್ಲಿರುವಾಗ ಹೆಚ್ಚಿನ ಬೆಲೆ ಕೇಳಬಹುದಲ್ಲವೇ? 9 ಎಕರೆ ಸಾಕಾಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ, ಅದು ಸುಲಭ. ಸಾಕಾಗುತ್ತದೆ. 100 ಮೆಗಾವ್ಯಾಟ್ ವಿದ್ಯುತ್ತನ್ನು 4 ಗಂಟೆ ಕೊಡುವ ಘಟಕ ಎಂದರೆ 400 ಮೆಗಾವ್ಯಾಟ್‌ಅವರ್. ಈಗ ಬರುವ 20 ಅಡಿ ಕಂಟೇನರ್ ಒಂದರಲ್ಲೇ ಸುಮಾರು 5 ಮೆಗಾವ್ಯಾಟ್‌ಅವರ್ ಹಿಡಿಯುತ್ತದೆ, ಹಾಗಾಗಿ 80 ಕಂಟೇನರ್ ಬೇಕು. ಅಷ್ಟನ್ನೂ ಒತ್ತೊತ್ತಾಗಿ ಇಟ್ಟರೆ ಮೂರನೇ ಒಂದು ಎಕರೆಯೂ ತುಂಬುವುದಿಲ್ಲ! ಉಳಿದ ಜಾಗವನ್ನೆಲ್ಲ ತಿನ್ನುವುದು ಕಂಟೇನರ್‌ಗಳ ನಡುವಿನ ಅಂತರ, ಇನ್ವರ್ಟರ್, ಟ್ರಾನ್ಸ್‌ಫಾರ್ಮರ್, ಸ್ವಿಚ್‌ಯಾರ್ಡ್, ಒಳರಸ್ತೆ ಮತ್ತು ಮಳೆನೀರಿನ ಹೊಂಡ. ಬ್ಯಾಟರಿಯ ಸಾಮರ್ಥ್ಯ ವರ್ಷದಿಂದ ವರ್ಷಕ್ಕೆ ಕುಗ್ಗುವುದರಿಂದ ಮುಂದೆ ಸೇರಿಸುವ ಕಂಟೇನರ್‌ಗಳಿಗೂ ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ. ಎಲ್ಲ ಸೇರಿ ಇಂಥ ಘಟಕ ಸಾಮಾನ್ಯವಾಗಿ 5ರಿಂದ 10 ಎಕರೆಯೊಳಗೆ ಮುಗಿಯುತ್ತದೆ. ಅಷ್ಟೇ ಮೆಗಾವ್ಯಾಟ್‌ನ ಸೋಲಾರ್‌ಗೆ ನೂರಾರು ಎಕರೆ ಬೇಕು.

ಇಷ್ಟು ಕಡಿಮೆ ಜಾಗ ಸಾಕು ಎಂಬುದೇ ನಿಮ್ಮ ಚೌಕಾಸಿಯ ಬಲವನ್ನು ತಗ್ಗಿಸುತ್ತದೆ. ಕಂಪನಿಗೆ ಬೇಕಾಗಿರುವುದು ಮಣ್ಣಿಗಿಂತ ಮೊದಲು ಗ್ರಿಡ್‌ನಲ್ಲಿ, ಅಂದರೆ ವಿದ್ಯುತ್ ಜಾಲದಲ್ಲಿ, ಒಂದು ಸ್ಥಾನ. ನಿಮ್ಮ ಹೊಲದ ಮೇಲಿನ ಲೈನ್ ಆ ಸ್ಥಾನವನ್ನು ಕೊಡುವುದಿಲ್ಲ. ಅತಿ ಹೆಚ್ಚು ವೋಲ್ಟೇಜಿನ ಲೈನನ್ನು ನಡುದಾರಿಯಲ್ಲಿ ಕತ್ತರಿಸಿ ಸೇರಿಕೊಳ್ಳಬೇಕಾದರೆ ಅಲ್ಲಿಯೇ ಹೊಸ ಸ್ವಿಚಿಂಗ್ ಸ್ಟೇಷನ್ ಕಟ್ಟಬೇಕು. ಬಹಳ ದೊಡ್ಡ ಯೋಜನೆಗೆ ಬಿಟ್ಟರೆ ಆ ಖರ್ಚು ಗಿಟ್ಟುವುದಿಲ್ಲ. ಅದರ ಮೇಲೆ, ತಂತಿಯ ಕೆಳಗಿನ ಪಟ್ಟಿಯಲ್ಲಿ ಕಂಟೇನರ್ ಇಡುವ ಹಾಗಿಲ್ಲ. 9 ಎಕರೆಯಲ್ಲಿ ಆ ಪಟ್ಟಿ ಎಷ್ಟು ಹೋಗುತ್ತದೆ, ಹೊಲವನ್ನು ಅಡ್ಡಲಾಗಿ ಸೀಳುತ್ತದೆಯೋ ಅಂಚಿನಲ್ಲಿ ಹೋಗುತ್ತದೆಯೋ ಎಂದು ಮೊದಲು ಅಳೆಸಿ. ನೀವು ಲಾಭ ಎಂದುಕೊಂಡಿರುವ ಲೈನ್ ಲೆಕ್ಕದಲ್ಲಿ ಕಳೆಯುವ ಬಾಬ್ತೂ ಆಗಬಹುದು.

ಬೆಲೆ ತರುವುದು 2 ಕಿಲೋಮೀಟರ್ ಆಚೆಯ ಸಬ್‌ಸ್ಟೇಷನ್. ಬೇಲಿಯ ಹೊರಗೆ ನಿಂತು ನೋಡಿದರೆ ಒಂದು ಸುಳಿವು ಸಿಗುತ್ತದೆ: ತಂತಿ ಕಟ್ಟುವ ಉಕ್ಕಿನ ಚೌಕಟ್ಟು (ಗ್ಯಾಂಟ್ರಿ) ಇದ್ದು, ಅದರ ಕೆಳಗೆ ಬ್ರೇಕರ್ (ದೊಡ್ಡ ಸ್ವಿಚ್) ಇಲ್ಲದೆ ಬರೀ ಜಲ್ಲಿ ಹರಡಿದ್ದರೆ ಅದು ಖಾಲಿ ಬೇ, ಅಂದರೆ ಹೊಸ ಲೈನ್ ಬಂದು ಸೇರಲು ಬಿಟ್ಟ ಜಾಗ, ಇರಬಹುದು. ಹಾಗೆಂದು ಖುಷಿಪಡುವ ಮುನ್ನ ಎರಡು ಸಂಗತಿ ತಿಳಿಯಬೇಕು. ಆ ಬೇ ಬೇರೆ ಯಾರ ಹೆಸರಿಗೋ ಆಗಲೇ ಮೀಸಲಾಗಿರಬಹುದು. ಬೇ ಖಾಲಿಯಿದ್ದರೂ ಅಲ್ಲಿನ ಟ್ರಾನ್ಸ್‌ಫಾರ್ಮರ್ ಮತ್ತು ಹೊರಹೋಗುವ ಲೈನುಗಳು ತುಂಬಿ ಹೋಗಿರಬಹುದು. ಬ್ಯಾಟರಿಯದ್ದು ಇನ್ನೊಂದು ವಿಶೇಷ. ಡಿಸ್‌ಚಾರ್ಜ್ ಆಗುವಾಗ ಅದು ವಿದ್ಯುತ್ ಸ್ಥಾವರ, ಚಾರ್ಜ್ ಆಗುವಾಗ ದೊಡ್ಡ ಕಾರ್ಖಾನೆಯಷ್ಟು ಲೋಡ್. ಎರಡೂ ದಿಕ್ಕಿಗೆ ಗ್ರಿಡ್ ಒಪ್ಪಬೇಕು. ಕಂಪನಿಯವರು ಮತ್ತೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಗ್ರಿಡ್ ಜೋಡಣೆಗೆ ಅರ್ಜಿ ಹಾಕಿದ್ದೀರಾ, ಎಷ್ಟು ಮೆಗಾವ್ಯಾಟ್‌ಗೆ, ಸರದಿಯಲ್ಲಿ ಎಲ್ಲಿದ್ದೀರಿ? ತಡವರಿಸಿದರೆ ಅವರು ಇನ್ನೂ ಜಾಗ ಹುಡುಕುವ ಹಂತದಲ್ಲೇ ಇದ್ದಾರೆ ಎಂದು ತಿಳಿಯಿರಿ.

ಮಧ್ಯದ 2 ಕಿಲೋಮೀಟರ್ ಹೆಚ್ಚೇನಲ್ಲ, ಆದರೆ ಅದು ಯಾರ ನೆಲ ಎನ್ನುವುದು ಮುಖ್ಯ. ರಸ್ತೆಯಂಚಿನಲ್ಲೇ ಕೇಬಲ್ ಹೂಳಲು ಅನುಮತಿ ಸಿಕ್ಕರೆ ಸರಿ. ನಡುವೆ ರೈಲುಹಳಿ, ಹೊಳೆ ಅಥವಾ ಒಪ್ಪದ ಒಬ್ಬ ಮಾಲೀಕರಿದ್ದರೆ ಇನ್ನೂ ದೂರದ ಜಮೀನೇ ಮುಂದಾಗಿಬಿಡುತ್ತದೆ.

ಮಣ್ಣಿನ ವಿಚಾರ ಚಿಕ್ಕದು. ಹೆಚ್ಚುಕಡಿಮೆ ಸಮತಟ್ಟಾಗಿರಬೇಕು, ನೆರೆನೀರು ನಿಲ್ಲಬಾರದು. ತುಂಬಿದ ಕಂಟೇನರ್ 40 ಟನ್‌ನಷ್ಟು ತೂಗುವುದರಿಂದ ಭರ್ತಿ ಮಣ್ಣಿನ ನೆಲ ಮತ್ತು ಬಡ ಸೇತುವೆಯ ದಾರಿ ಎರಡೂ ತೊಂದರೆಯೇ. ಫಲವತ್ತಾದ ಭೂಮಿ ಬೇಕೇ ಬೇಕಿಲ್ಲ. ಮುಚ್ಚಿದ ವಿದ್ಯುತ್ ಸ್ಥಾವರಗಳ ಅಂಗಳವನ್ನು ಕಂಪನಿಗಳು ಹುಡುಕಿಕೊಂಡು ಹೋಗುವುದು ಇದಕ್ಕೇ, ಅಲ್ಲಿ ಗ್ರಿಡ್ ಜೋಡಣೆ ಮೊದಲೇ ಇರುತ್ತದೆ.

ಪ್ರಶ್ನೆ: ನಮ್ಮ ಮನೆಯಿಂದ 150 ಮೀಟರ್ ದೂರದಲ್ಲಿ ಇಂಥ ಘಟಕ ಬರಲಿದೆಯಂತೆ. ಬೆಂಕಿಯ ಸುದ್ದಿಗಳನ್ನು ಓದಿ ಹೆದರಿಕೆಯಾಗಿದೆ.

ಉತ್ತರ: ಹೆದರಿಕೆ ಆಧಾರವಿಲ್ಲದ್ದಲ್ಲ. 2019ರಲ್ಲಿ ಅಮೆರಿಕದ ಅರಿಝೋನಾದಲ್ಲಿ ಘಟಕದೊಳಗೆ ಸೇರಿಕೊಂಡ ಅನಿಲ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿ ಗಾಯಗೊಂಡರು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನ ಮನೆ ಬಿಡಬೇಕಾಯಿತು. ಆದರೆ ಅಲ್ಲಿ ಬ್ಯಾಟರಿಗಳಿದ್ದದ್ದು ಹಳೆಯ ಸ್ಥಾವರದ ಕಟ್ಟಡವೊಂದರ ಒಳಗೆ, ಬಯಲಿನಲ್ಲಿ ಬಿಡಿಬಿಡಿಯಾಗಿ ಅಲ್ಲ. 2021ರಲ್ಲಿ ಆಸ್ಟ್ರೇಲಿಯಾದ ಜೀಲಾಂಗ್ ಬಳಿ ಬಯಲಿನ ಘಟಕಕ್ಕೆ ಬೆಂಕಿ ತಗುಲಿದಾಗ ಎರಡು ಪೆಟ್ಟಿಗೆಗಳಿಗೇ ನಿಂತಿತು. ಇತ್ತೀಚಿನ ಘಟಕಗಳಲ್ಲಿ ಹೆಚ್ಚಾಗಿ ಬಳಸುವ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ನಿಕಲ್ ಇರುವ ಹಳೆಯ ಬಗೆಗಿಂತ ಹೆಚ್ಚು ಶಾಖವನ್ನು ತಾಳುತ್ತದೆ. ಅಪಾಯ ಸೊನ್ನೆ ಎಂದಲ್ಲ.

ನೀವು ಕೇಳಬೇಕಾದ್ದು ನಕ್ಷೆ. ಕಂಟೇನರ್‌ಗಳ ಮಧ್ಯೆ ಎಷ್ಟು ಅಂತರ ಬಿಟ್ಟಿದ್ದಾರೆ, ಎರಡು ದಿಕ್ಕಿನಿಂದ ಗಾಡಿ ಒಳಬರುವ ದಾರಿ ಇದೆಯೇ (ಗಾಳಿ ಒಂದು ಕಡೆಯಿಂದಲೇ ಹೊಗೆ ತಂದರೆ ಏನು ಗತಿ?), ಬೆಂಕಿಗೆ ಹಾಕಿದ ನೀರು ಹರಿದು ಬಾವಿಗೋ ಹಳ್ಳಕ್ಕೋ ಸೇರದಂತೆ ತಡೆಯುವ ಹೊಂಡ ಎಲ್ಲಿದೆ.

ನನ್ನ ಅಭಿಪ್ರಾಯ ಕೇಳಿದರೆ, 150 ಮೀಟರ್‌ನಲ್ಲಿ ನಿಮ್ಮನ್ನು ನಿತ್ಯ ಕಾಡುವುದು ಬೆಂಕಿಯಲ್ಲ, ಫ್ಯಾನಿನ ಸದ್ದು. ಸೆಕೆಯ ರಾತ್ರಿ ಘಟಕ ಪೂರ್ತಿ ಓಡುತ್ತಿರುತ್ತದೆ, ಸುತ್ತಲೂ ನಿಶ್ಶಬ್ದ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಅಷ್ಟೇ. ಹಗಲಿನ ಅಳತೆ ತೋರಿಸಿದರೆ ಒಪ್ಪಬೇಡಿ, ನಿಮ್ಮ ಮನೆಯಂಗಳದ ರಾತ್ರಿಯ ಲೆಕ್ಕ ಕೇಳಿ. ಸದ್ದು ತಡೆಯುವ ಗೋಡೆಯನ್ನು ನಕ್ಷೆಯ ಹಂತದಲ್ಲೇ ಸೇರಿಸುವಂತೆ ಮಾಡಿ, ಆಮೇಲೆ ಅದಕ್ಕೆ ಜಾಗವೇ ಉಳಿದಿರುವುದಿಲ್ಲ.

ಪ್ರಶ್ನೆ: ಐದು ವರ್ಷದ ಆಪ್ಷನ್ ಒಪ್ಪಂದಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಹಾಕಬಹುದೇ?

ಉತ್ತರ: ಆಪ್ಷನ್ ಎಂದರೆ ಅವರು ಬೇಡವೆಂದರೆ ಬಿಟ್ಟುಹೋಗಬಹುದು, ನೀವು ಬೇರೆಯವರಿಗೆ ಕೊಡುವಂತಿಲ್ಲ. ಗ್ರಿಡ್ ಅಧ್ಯಯನಕ್ಕೆ ವರ್ಷಗಳು ಹಿಡಿಯುವುದರಿಂದ ಅವರು ಕಾಲಾವಕಾಶ ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಅದಕ್ಕೆ ಪ್ರತಿವರ್ಷ ಹಣ ಕೊಡಲಿ, ಆ ಮೊತ್ತ ಏರುತ್ತಾ ಹೋಗಲಿ. ಅಷ್ಟರೊಳಗೆ ಬೆಳೆ ಬೆಳೆಯುವ ಹಕ್ಕು ನಿಮಗಿರಲಿ. ನಿಗದಿತ ದಿನದೊಳಗೆ ಜೋಡಣೆಯ ಅರ್ಜಿ ಸಲ್ಲಿಸದಿದ್ದರೆ ಒಪ್ಪಂದ ತಾನಾಗಿ ರದ್ದಾಗಬೇಕು ಎಂಬ ಸಾಲು ಹಾಕಿಸಿ. ಘಟಕದ ಆಯಸ್ಸು ಮುಗಿದಾಗ ಕಾಂಕ್ರೀಟ್ ಅಡಿಪಾಯ ಕಿತ್ತು ಬ್ಯಾಟರಿ ಸಾಗಿಸುವ ಖರ್ಚಿಗೆ ಬ್ಯಾಂಕ್ ಗ್ಯಾರಂಟಿ ಕೇಳಿ, ಬರೀ ಭರವಸೆ ಬೇಡ. ಕಂಪನಿ ಕೈಬದಲಾದರೆ ಹೊಸಬರಿಗೂ ಇವೆಲ್ಲ ಅನ್ವಯಿಸಬೇಕು. ಇಂಥ ಯೋಜನೆಗಳು ಕಟ್ಟುವ ಮೊದಲೇ ಮಾರಾಟವಾಗುವುದು ಸಾಮಾನ್ಯ. ಸಹಿಗೆ ಮುಂಚೆ ಕರಡನ್ನು ನಿಮ್ಮದೇ ವಕೀಲರಿಗೆ ತೋರಿಸಿ, ಅವರ ಶುಲ್ಕ ಕಂಪನಿ ಭರಿಸಲಿ ಎಂದು ಕೇಳುವುದೂ ರೂಢಿಯಲ್ಲಿದೆ.