ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಿಂತ ಬಾತುಗಳಿಗೆ ಚಳಿಯಾಗುವುದಿಲ್ಲವೇ?

ಬಾತುಗಳು ಹೆಪ್ಪುಗಟ್ಟಿದ ಕೆರೆಯ ಮೇಲೆ ಹಾಯಾಗಿ ನಿಂತಿರುವಾಗ ಗ್ಲೌಸ್ ಹಾಕಿದ ನಮ್ಮ ಬೆರಳು ಮಾತ್ರ ಯಾಕೆ ಮರಗಟ್ಟುತ್ತದೆ ಎಂದು ಕೇಳಿದ್ದೀರಿ. ನಾನಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಜನವರಿಯಲ್ಲಿ ಮೈನಸ್ 20 ಡಿಗ್ರಿ ಇದ್ದಾಗಲೂ ಇಲ್ಲಿ ಮಲ್ಲಾರ್ಡ್ ಬಾತುಗಳು ಕಾಣಸಿಗುತ್ತವೆ.

ಬಾತು ತನ್ನ ಪಾದವನ್ನು ಬೆಚ್ಚಗಿಡುವ ಗೋಜಿಗೇ ಹೋಗುವುದಿಲ್ಲ, ಗುಟ್ಟಿರುವುದು ಅಲ್ಲೇ. ಕಾಲಿಗೆ ಬಿಸಿರಕ್ತ ಒಯ್ಯುವ ರಕ್ತನಾಳ, ಅಲ್ಲಿಂದ ತಣ್ಣನೆಯ ರಕ್ತ ಹೊತ್ತು ಮರಳುವ ನಾಳ, ಎರಡೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಇಳಿಯುವ ರಕ್ತದ ಬಿಸಿಯನ್ನು ಏರುವ ರಕ್ತ ದಾರಿಯಲ್ಲೇ ಹೀರಿಕೊಂಡು ಮೈಯೊಳಕ್ಕೆ ವಾಪಸು ತರುತ್ತದೆ. ಹೀಗಾಗಿ ಮೈಯ ಬಿಸಿ 40 ಡಿಗ್ರಿಯ ಆಸುಪಾಸಿನಲ್ಲಿದ್ದರೂ ಪಾದ ಸೊನ್ನೆಗಿಂತ ತುಸುವೇ ಮೇಲಿರುತ್ತದೆ. ಪಾದ ತಣ್ಣಗಿದ್ದಷ್ಟೂ ಮಂಜಿಗೆ ಸೋರಿಹೋಗುವ ಶಾಖ ಕಡಿಮೆ. ಅಲ್ಲಿ ಸ್ನಾಯುವೂ ಅಷ್ಟಾಗಿ ಇಲ್ಲ, ಹೆಚ್ಚಿನಂಶ ಮೂಳೆ ಮತ್ತು ಸ್ನಾಯುರಜ್ಜು. ಚಳಿ ತೀರಾ ಹೆಚ್ಚಾದರೆ ಒಂದು ಕಾಲನ್ನು ಪುಕ್ಕದೊಳಗೆ ಮಡಚಿಕೊಂಡರಾಯಿತು!

ನಮ್ಮ ದೇಹವೂ ಹೊಟ್ಟೆ, ಎದೆ, ಮಿದುಳು ಬೆಚ್ಚಗಿದ್ದರೆ ಸಾಕೆಂದು ಬೆರಳುಗಳ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ. ಐದು ಹತ್ತು ನಿಮಿಷ ಕಳೆದ ಮೇಲೆ ಆಗಾಗ ಸಡಿಲಿಸಿ ಸ್ವಲ್ಪ ರಕ್ತ ಬಿಡುವುದೂ ಉಂಟು. ಆದರೆ ನಮ್ಮ ಬೆರಳು ಬಾತಿನ ಪಾದದಂತೆ ಗಂಟೆಗಟ್ಟಲೆ ಸೊನ್ನೆಯ ಹತ್ತಿರ ಇದ್ದು ಬಾಳಲಾರದು. ಒಳಗಿನ ನೀರು ಹೆಪ್ಪುಗಟ್ಟಿದರೆ ಜೀವಕೋಶಗಳೇ ಹಾಳು.

ಇಲ್ಲಿನ ಕಾಡುಗಳಲ್ಲಿರುವ ವುಡ್ ಫ್ರಾಗ್ ಎಂಬ ಪುಟ್ಟ ಕಪ್ಪೆಗಾದರೆ ಅದರ ಭಯವೂ ಇಲ್ಲ. ಬಾತಿಗಿಂತ ನನಗೆ ಇದರದೇ ಹೆಚ್ಚು ಸೋಜಿಗ. ಚಳಿಗಾಲದಲ್ಲಿ ತರಗೆಲೆಗಳಡಿ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಹೃದಯವೂ ನಿಂತಿರುತ್ತದೆ. ಪಿತ್ತಜನಕಾಂಗ ಸುರಿಸಿದ ಗ್ಲೂಕೋಸ್ ಜೀವಕೋಶಗಳ ಒಳಗೆ ತುಂಬಿಕೊಂಡು ಅವನ್ನು ಕಾಯುತ್ತದೆ, ಮಂಜಿನ ಹರಳು ಕಟ್ಟುವುದು ಅವುಗಳ ಹೊರಗೆ. ವಸಂತದಲ್ಲಿ ಕರಗಿ, ಕುಪ್ಪಳಿಸಿಕೊಂಡು ಹೋಗುತ್ತದೆ.

ಡಿಸೆಂಬರಿನಲ್ಲಿ ಇತ್ತ ಬರುವೆ ಎಂದಿದ್ದೀರಲ್ಲ, ಐದು ಬೆರಳಿನ ಗ್ಲೌಸ್ ಬಿಟ್ಟು ಬೆರಳುಗಳೆಲ್ಲ ಒಂದೇ ಚೀಲದಲ್ಲಿರುವ ಮಿಟನ್ ಕೊಳ್ಳಿ. ಟೋಪಿ, ದಪ್ಪ ಜಾಕೆಟ್ಟಿಗೂ ಕಂಜೂಸಿ ಬೇಡ. ಮೈ ಬೆಚ್ಚಗಿದ್ದರೆ ಬೆರಳಿಗೂ ರಕ್ತ ಬರುತ್ತದೆ. ಚಳಿಗೆಂದು ಒಂದು ಪೆಗ್ ಹಾಕುವವರ ಮಾತು ಕೇಳಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ.